ಗಣಿಗೆ ಹೊರಟ ನನ್ನ ಕೋಳಿಗೂಡು

ತಡೀರಿ, ಪುಟ ತಿರುಗಿಸಬೇಡಿ! ನನ್ನ ಮಾನ ಹೈವೇ ಜಾಮಿನಲ್ಲಿ ಸಿಕ್ಕಿಬಿದ್ದ ಕಥೆ ಕೇಳಿಕೊಂಡೇ ಹೋಗಿ.

ಗಣಿ ಜೋರಾಗಿದ್ದ ಕಾಲ. ನಮ್ಮ ಗಾದಿಗನೂರಿನಲ್ಲಿ ಚಕ್ರ ಇದ್ದದ್ದಕ್ಕೆಲ್ಲ ಮರ್ಯಾದೆ, ಕಾಲಿದ್ದವರಿಗೆ ಬರೀ ಧೂಳು. ಆಗಷ್ಟೇ ನನ್ನ ಮದುವೆಯಾಗಿತ್ತು. ಬುಕ್ಕಸಾಗರದ ಮಾವ ಮಗಳಿಗೆ ಎಂಟು ಎಳೆಯ ಹೇಂಟೆ ಕೋಳಿ ಕೊಟ್ಟರು. ಇನ್ನೇನು ಮೊಟ್ಟೆಗೆ ಬರುವಂಥವು. ಜೊತೆಗೊಂದು ಷರತ್ತು.

"ಹದಿನೈದು ದಿನಕ್ಕ ಬರ್ತೀನಿ. ಗೂಡು ಸರಿ ಇಲ್ಲಾಂದ್ರ ಕೋಳಿ ವಾಪಸ್ ಒಯ್ತೀನಿ ನೋಡವ್ವಾ."

"ರೀ, ನಮ್ಮಪ್ಪನ ಮುಂದ ನನ್ನ ಮಾನ ಕಳೀಬ್ಯಾಡ್ರಿ," ಅಂದಳು ರೇಣುಕಾ.

"ನಾನಿದ್ದೀನಲ್ಲ!" ಅಂದೆ. ಹೀಗೆ ಅಂದಾಗೆಲ್ಲ ಮನೆಯಲ್ಲಿ ಏನಾದರೊಂದು ಮುರಿದಿದೆ.

ಕೋಳಿ ಸಾಕಣೆಯ ಪುಸ್ತಕವೊಂದನ್ನು ನಾನು ಪೂರ್ತಿ ಓದಿದ್ದೆ. ಕೊನೆಯ ಅರ್ಧ ಬಿಟ್ಟು. ಗೂಡು ನೆಲದಿಂದ ಎತ್ತರದಲ್ಲಿರಬೇಕು ಅಂತ ಅದರಲ್ಲಿತ್ತು. ಪಕ್ಕದ ಮನೆಯ ಬಸಣ್ಣನ ಕೆಟ್ಟ ಲಾರಿ ಮೂರು ವರ್ಷದಿಂದ ನಮ್ಮ ಹಿತ್ತಲಿಗೆ ಅಂಟಿಕೊಂಡು ನಿಂತಿತ್ತು. ಇದಕ್ಕಿಂತ ಎತ್ತರ ಬೇಕೇ?

"ಅಣ್ಣಾ, ಇದರಾಗ ಗೂಡು ಕಟ್ಲೇನು?"

"ಕಟ್ಕೋ ತಮ್ಮಾ. ಇದು ಇನ್ನ ಏಳಂಗಿಲ್ಲ."

ಲಾರಿಯ ಮೂಲೆಗೆ ಜಾಲರಿ ಬಡಿದೆ. ಮೊಟ್ಟೆ ಇಡಲು ಟೊಮೆಟೊ ಪೆಟ್ಟಿಗೆಗಳನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದೆ. ಮಲಗಲು ಕೆಳಗೊಂದು ಬಿದಿರು. ಮೇಲೆ ತಾಡಪತ್ರಿ. ಅರಮನೆ! ಆದರೆ ಕೋಳಿ ಮಲಗುವುದು ಸಿಕ್ಕ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದರಲ್ಲಿ. ಎಂಟೂ ಪೆಟ್ಟಿಗೆಯಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿದವು. ಮೊಟ್ಟೆ ಒಂದೂ ಇಲ್ಲ. ಮಲಗುವ ಬಿದಿರು ಪೆಟ್ಟಿಗೆಗಿಂತ ಮೇಲಿರಬೇಕು ಅನ್ನುವುದು ಪುಸ್ತಕದ ಕೊನೆಯ ಅರ್ಧದಲ್ಲಿತ್ತಂತೆ.

ಹದಿನಾಲ್ಕನೇ ದಿನ ಒಬ್ಬ ಮೆಕ್ಯಾನಿಕ್ ಬಂದು ಲಾರಿಯ ಕೆಳಗೆ ತೂರಿದ. ಗುಜರಿಗೆ ಬಿಚ್ಚುತ್ತಿದ್ದಾನೆ ಅಂದುಕೊಂಡು ಸ್ಪ್ಯಾನರ್ ಎತ್ತಿಕೊಟ್ಟವನು ನಾನೇ. ಮರುದಿನ ಬೆಳಿಗ್ಗೆ ಡ್ರೈವರ್ ಬಂದ. ಬಸಣ್ಣ ಕೂಗಿದ:

"ಲೇ ತಮ್ಮಾ, ಜಲ್ದಿ ಬಾ, ಒಂದೀಟು ಕೈ ಹಚ್ಚು!"

ಹತ್ತು ಜನ ತಳ್ಳಿದೆವು. ಎಲ್ಲರಿಗಿಂತ ಜೋರಾಗಿ ನಾನು. ಸತ್ತ ಲಾರಿ ಕೆಮ್ಮಿತು, ಗುಡುಗಿತು, ಹೊರಟೇ ಹೋಯಿತು! ನಾನು ಶಿಳ್ಳೆ ಹೊಡೆದೆ.

ಹಿಂದೆ ರೇಣುಕಾ ನುಚ್ಚಿನ ಬಟ್ಟಲು ಹಿಡಿದು ನಿಂತಿದ್ದಳು.

"ರೀ, ಕೋಳಿ ಎಲ್ಲಿ?"

ಶಿಳ್ಳೆ ಬಾಯಲ್ಲೇ ಉಳಿಯಿತು.

"ಅಯ್ಯೋ, ಲಾರಿ ಗಣಿಯವ್ರಿಗೆ ಮಾರೀನಿ ಅಂತ ಹೇಳೋದ ಮರ್ತೆ ನೋಡು," ಅಂದ ಬಸಣ್ಣ. "ಈಗ ಕಲ್ಲಿಗೆ ಚಕ್ರ ಹಚ್ಚಿದ್ರೂ ಒಯ್ತಾರಪ್ಪ!"

ಸೈಕಲ್ ಹತ್ತಿ ಓಡಿದೆ. ಹೈವೇಯಲ್ಲಿ ಕಣ್ಣು ಹಾಯುವವರೆಗೂ ಜಾಮಾಗಿ ನಿಂತ ಲಾರಿ ಸಾಲು. ಅದಿರಿನ ಧೂಳಿಗೆ ಎಲ್ಲವೂ ಕೆಂಪು, ಎಲ್ಲಕ್ಕೂ ತಾಡಪತ್ರಿ. ಒಂದೊಂದರ ಹತ್ತಿರವೂ "ಬಾ ಬಾ ಬಾ" ಅಂತ ಕರೆದೆ. ಡ್ರೈವರ್‌ಗಳು ಬಂದರು! ಕೋಳಿ ಬರಲಿಲ್ಲ.

ಧೂಳಿನ ಗೊಂಬೆಯಾಗಿ ಮನೆಗೆ ಬಂದರೆ ಕಟ್ಟೆಯ ಮೇಲೆ ಮಾವ! ಕಾಲ ಬಳಿ ಎಂಟೂ ಕೋಳಿ. ಅವರ ಬಸ್ಸು ಅದೇ ಜಾಮಿನಲ್ಲಿ ನನ್ನ ಗೂಡಿನ ಪಕ್ಕಕ್ಕೇ ನಿಂತಿತ್ತಂತೆ. ಕೋಳಿ ಕೊಡುವಾಗ ತಾವೇ ಕಾಲಿಗೆ ಕಟ್ಟಿದ್ದ ಅರಿಶಿನ ದಾರವನ್ನು ತಾಡಪತ್ರಿಯ ಸಂದಿಯಿಂದ ನೋಡಿ, ಬಸ್ಸಿಳಿದು, ಲಾರಿ ಹತ್ತಿ, ಇಳಿಸಿಕೊಂಡು ಬಂದಿದ್ದರು.

"ಅಳಿಯಂದ್ರ, ಗೂಡು ಭಾಳ ಗಟ್ಟಿ ಐತ್ರಿ. ಅಷ್ಟು ದೂರ ಓಡಿದ್ರೂ ಒಂದು ಮೊಳಿ ಸಡ್ಲಾಗಿಲ್ಲ."

ಆಮೇಲೆ ಜೇಬಿನಿಂದ ಒಂದು ಮೊಟ್ಟೆ ತೆಗೆದು ಮಗಳ ಕೈಗಿಟ್ಟರು.

"ಮೊದಲನೇ ತತ್ತಿ ನೋಡವ್ವಾ. ಜಾಮ್‌ನ್ಯಾಗ ಇಟ್ಟೈತಿ."

"ಕೋಳಿ ಒಯ್ತೀಯೇನಪ್ಪಾ?" ರೇಣುಕಾ ಮೊಟ್ಟೆಯನ್ನು ಸೆರಗಿಗೆ ಹಾಕಿಕೊಂಡು ಕೇಳಿದಳು.

"ಬ್ಯಾಡ, ಇಲ್ಲೇ ಇರ್ಲಿ. ಗೂಡು ನಾನ ಕಟ್ತೀನಿ. ಅಳಿಯಂದ್ರು ದೂರ ಕುಂದ್ರಲಿ, ಅಷ್ಟ ಸಾಕು."

ಮಧ್ಯಾಹ್ನದೊಳಗೆ ಮುಗಿಯಿತು. ಕೆಳಗೆ ನಾಲ್ಕು ಹಳೇ ಬುಟ್ಟಿ, ಅದರಲ್ಲಿ ಭತ್ತದ ಹೊಟ್ಟು. ಮೇಲೆ ಮಲಗಲು ಬಿದಿರು. ಆ ವಾರದಲ್ಲೇ ಬುಟ್ಟಿಗಳಲ್ಲಿ ಮೊಟ್ಟೆ ಕಂಡವು.

ನನಗೂ ಒಂದು ಜವಾಬ್ದಾರಿ ಕೊಟ್ಟಿದ್ದಾರೆ. ಸಂಜೆ ಗೂಡಿನ ಬಾಗಿಲು ಹಾಕುವುದು. ನಾನು ಹಾಕಿ ಬಂದ ಮೇಲೆ ರೇಣುಕಾ ಹೋಗಿ ನೋಡಿ ಬರುತ್ತಾಳೆ.

ನಿಮ್ಮ ಆಸ್ತಿಯನ್ನು ನೀವೇ ತಳ್ಳಿ, ಶಿಳ್ಳೆ ಹೊಡೆದು ಕಳಿಸಿದ್ದು ಉಂಟೇ? ಇದ್ದರೆ ದಯವಿಟ್ಟು ಬರೆಯಿರಿ. ಇಂಥವನು ನಾನೊಬ್ಬನೇ ಅಲ್ಲ ಅಂತ ಮನೆಯಲ್ಲಿ ಓದಿ ತೋರಿಸಬೇಕಾಗಿದೆ!