ಮೆಲ್ಲಗೆ ಮಾತಾಡಲು ಕಲಿತ ಮಾವ

ನಮ್ಮ ಸೋದರಮಾವನಿಗೆ ಸರ್ಕಾರ ಬೇರೆ ಏನನ್ನಾದರೂ ಕಲಿಸಲಿ, ಫೋನಿನಲ್ಲಿ ಮಾತಾಡುವುದನ್ನು ಮಾತ್ರ ಕಲಿಸಬಾರದಿತ್ತು! ಪೋತ್ನಾಳದ ತನ್ನ ಅಂಗಳದಲ್ಲಿ ನಿಂತು ಅವನು ಮಾತು ಶುರು ಮಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು "ಹಾಂ, ಹೇಳ್ರಿ" ಅನ್ನುತ್ತಾರೆ. ಇಂಥವನಿಗೆ ಫೋನು ಯಾಕೆ ಬೇಕು, ನೀವೇ ಹೇಳಿ.

ತಪ್ಪು ಅವನದಲ್ಲ. ಹತ್ತಿಯಿಂದ ಬೀಜ ಬಿಡಿಸುವ ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಮೀಸೆ ಮೂಡುವಾಗ ಸೇರಿದವನು, ಮೀಸೆ ನರೆಯುವವರೆಗೆ ದುಡಿದ. ಆ ಯಂತ್ರಗಳ ಗದ್ದಲದಲ್ಲಿ ನೀರು ಕೇಳಬೇಕಾದರೂ ಜಗಳಕ್ಕೆ ನಿಂತವರಂತೆ ಕೂಗಬೇಕು. ಹಾಗಾಗಿ ಅವನ ಗಂಟಲಿಗೆ ಗೊತ್ತಿದ್ದದ್ದು ಒಂದೇ ಅಳತೆ. ನಮ್ಮ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಒಳಮನೆಯಲ್ಲಿ ನನ್ನ ಕಿವಿಗೆ ಬಾಯಿಟ್ಟು, ಬಹಳ ಗುಟ್ಟಾಗಿ, "ಬೀಗರ ಹಲ್ಲು ಕಟ್ಟಿಸಿದ್ದು ಅನಸ್ತದಲೇ!" ಎಂದ. ಪಡಸಾಲೆಯಲ್ಲಿದ್ದ ಬೀಗರು ಹಲ್ಲಿನ ಸೆಟ್ಟು ತೆಗೆದು ತೋರಿಸಿ, "ಹೌದ್ರೀ, ಮಾನ್ವಿ ದವಾಖಾನ್ಯಾಗ ಕಟ್ಟಿಸೀನಿ" ಅಂದರು. ಸಂಬಂಧ ಕೂಡಿಬಂತು. ಇದು ಏನನ್ನೂ ಮುಚ್ಚಿಡುವ ಮನೆತನವಲ್ಲ ಎಂದು ಅವರಿಗೆ ಖಾತ್ರಿಯಾಯಿತಂತೆ!

ಆ ಮಿಲ್ಲು ಒಂದು ದಿನ ಬಾಗಿಲು ಹಾಕಿತು. ಮಾವ ಮನೆಯಲ್ಲಿ ಕೂತ, ಅತ್ತೆ ಭತ್ತದ ನಾಟಿಗೆ ಕೂಲಿ ಹೋಗತೊಡಗಿದಳು. ಹೆಂಡತಿ ದಿನವೆಲ್ಲ ಕೆಸರಲ್ಲಿ ಬಗ್ಗಿ ದುಡಿದದ್ದನ್ನು ಕೂತು ಉಣ್ಣಲು ಹೋದರೆ ತುತ್ತು ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ, ಕೆಲಸ ಕಳೆದುಕೊಂಡವರಿಗೆ ಸರ್ಕಾರ ಪುಕ್ಕಟೆ ತರಬೇತಿ ಕೊಡುತ್ತದೆಂದು ಸುದ್ದಿ ಬಂತು. "ಏನರ ಕಲ್ತು ಅಕಿನ್ನ ಮನ್ಯಾಗ ಕುಂದ್ರಸ್ತೀನಿ" ಎಂದು ಮಾವ ಹೊರಟೇಬಿಟ್ಟ.

ಮೊದಲು ದೇವದುರ್ಗದಲ್ಲಿ ಕೋಳಿ ಸಾಕಣೆ. ಮಾವ ಪ್ರೀತಿಯಿಂದಲೇ "ಬಾ ಬಾ ಬಾ" ಅಂದನಂತೆ. ಕೋಳಿಗಳೆಲ್ಲ ಬೇವಿನ ಮರ ಹತ್ತಿ ಕೂತವು. ಕಾಳು ತೋರಿಸಿದರೂ ಇಳಿಯಲಿಲ್ಲ. ಎರಡನೆಯ ದಿನವೇ ಮೇಷ್ಟ್ರು ಸರ್ಟಿಫಿಕೇಟು ಕೈಗಿಟ್ಟು, "ಅಣ್ಣಾರ, ನಿಮ್ಮ ಕೋರ್ಸ್ ಮುಗೀತು. ನೀವು ಹೋಗ್ರಿ, ಕೋಳಿ ಇಳೀಲಿ" ಅಂದರು!

ಆಮೇಲೆ ರಾಯಚೂರಿನ ಕೇಂದ್ರ. ಅಲ್ಲಿಯ ಸಾಹೇಬರು "ನಿಮ್ಮಲ್ಲಿ ವಿಶೇಷ ಏನದರೀ?" ಎಂದು ಕೇಳಿದರು. "ದನಿ ಅದರೀ!" ಎಂದ ಮಾವ. ಮೇಜಿನ ಮೇಲಿದ್ದ ಚಹಾ ತುಳುಕಿತು. ಸಾಹೇಬರು ಮೆಚ್ಚಿ ಅವನನ್ನು ಕಸ್ಟಮರ್ ಕೇರ್ ತರಬೇತಿಗೆ ಹಾಕಿದರು. ದನಿ ಇದ್ದವನಿಗೆ ಫೋನು! ಸರ್ಕಾರದ ಲೆಕ್ಕಾಚಾರದಲ್ಲಿ ತಪ್ಪೆಲ್ಲಿದೆ?

ಆ ಕೋಣೆಯಲ್ಲಿ ಯಾರು ಯಾರೊಡನೆ ಮಾತಾಡಿದರೂ ಆಚೆ ಕಡೆ ಕೇಳಿಸುತ್ತಿದ್ದುದು ಮಾವನೇ. ಮಿಕ್ಸಿ ಕೆಟ್ಟ ಒಬ್ಬ ಅಜ್ಜಿ, ತನಗೆ ಉತ್ತರ ಕೊಡುತ್ತಿದ್ದ ಹುಡುಗಿಗೆ, "ನೀ ಸುಮ್ನಿರು ಯವ್ವಾ, ಹಿಂದ ಒದರಾಕತ್ತಾರಲ್ಲ, ಆ ಹಿರ್ಯಾರಿಗೆ ಫೋನ್ ಕೊಡು" ಅಂದಳಂತೆ. ಕಲಿಸುವ ಮೇಡಂ ಕೂಡ ಹಟದವರು. ಅವನ ಎರಡೂ ಕಿವಿಗೆ ಹತ್ತಿ ತುರುಕಿಸಿ, ತಲೆಯೊಳಗೇ ಮೊಳಗುವ ಅವನ ದನಿಯನ್ನು ಅವನಿಗೇ ಕೇಳಿಸಿದರು. "ಅಯ್ಯಯ್ಯ, ನಾ ಇಷ್ಟು ಜೋರದೀನೇನ್ರೀ?" ಎಂದು ಮಾವ ಹೌಹಾರಿದ. ಅಂದಿನಿಂದ ದನಿ ಇಳಿಯುತ್ತ ಬಂತು.

ಕೊನೆಗೆ ಒಂದು ಬೆಳಿಗ್ಗೆ ಕಂಪನಿಯವರು ಆಯ್ಕೆಗೆಂದು ಕೇಂದ್ರಕ್ಕೇ ಬಂದರು. ಜೋರಾದರೆ ಚಿವುಟಲೆಂದು ನಾನು ಪಕ್ಕದಲ್ಲೇ ಕೂತಿದ್ದೆ. "ನಿಮ್ಮ ಮನೆಯವರಿಗೇ ಒಂದು ಫೋನ್ ಮಾಡಿ, ಮೆತ್ತಗೆ ಮಾತಾಡಿ" ಎಂದು ಹೇಳಿ ಸ್ಪೀಕರ್ ಹಾಕಿಸಿದರು. ಗದ್ದೆಯಲ್ಲಿದ್ದ ಅತ್ತೆ ಫೋನ್ ಎತ್ತಿದಳು. ಮಾವ ಕಣ್ಣು ಮುಚ್ಚಿ, ಕೂಸನ್ನು ಮಲಗಿಸುವವನಂತೆ, "ಊಟ ಆತೇನು?" ಎಂದ.

"ಯಾರ್ರೀ ಮಾತಾಡೋದು?" ಎಂದಳು ಅತ್ತೆ.

"ನಾನು ಬೇ. ನಿನ್ನ ಗಂಡ."

ಅತ್ತೆ ಚೀರಿದಳು: "ಯವ್ವಾ! ದನಿ ಯಾಕ ಹಿಂಗ ಬಿತ್ತು? ಎದಿ ಹಿಡೀತೇನ್ರೀ? ಅಲ್ಲೇ ಇರ್ರಿ, ಬಂದೆ!" ಫೋನು ಕೆಸರಿಗೆ ಬಿತ್ತೋ ಏನೋ, ಆಮೇಲೆ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ.

ಕಂಪನಿಯವರಿಗೆ ಅದಾವುದೂ ಬೇಕಿರಲಿಲ್ಲ. "ದನಿ ಬಹಳ ಚಲೋ ಅದರೀ. ಮಧ್ಯಾಹ್ನ ಕೆಲಸದ ಆರ್ಡರ್ ಕೊಡ್ತೀವಿ" ಎಂದರು. ಮಾವ ಉಸಿರನ್ನೂ ಮೆಲ್ಲಗೆ ಬಿಡುತ್ತ ಕೂತ.

ಮಧ್ಯಾಹ್ನ ಅವರು ಆರ್ಡರ್ ನೀಡಲು ಕೈ ಚಾಚಿದ್ದರು, ಅಷ್ಟರಲ್ಲಿ ಗಾಜಿನ ಬಾಗಿಲಿನಾಚೆ ಅತ್ತೆ ಕಂಡಳು. ಮೊಣಕಾಲಿನವರೆಗೆ ಕೆಸರು, ಕಾಲಲ್ಲಿ ಚಪ್ಪಲಿಯಿಲ್ಲ, ಅಳುತ್ತ ಕಂಡಕಂಡವರನ್ನು ಕೇಳುತ್ತಿದ್ದಾಳೆ. ನಾನು ಚಿವುಟಿದೆ. ಚರ್ಮ ಕಿತ್ತುಬರುವಂತೆ ಚಿವುಟಿದೆ! ಮಾವನಿಗೆ ನಾನೂ ಬೇಕಿರಲಿಲ್ಲ, ಕಂಪನಿಯೂ ಬೇಕಿರಲಿಲ್ಲ.

"ನಾ ಆರಾಮ ಅದೀನಿ ಬೇ!"

ಗಾಜು ಝಲ್ಲೆಂದಿತು. ಚಾಚಿದ ಕೈ ನಿಧಾನಕ್ಕೆ ಹಿಂದೆ ಸರಿದು, ಆರ್ಡರ್ ಮರಳಿ ಚೀಲ ಸೇರಿತು. ಅತ್ತೆ ಆ ದನಿ ಕೇಳಿದ್ದೇ ತಡ ಇದ್ದಲ್ಲೇ ನೆಲದ ಮೇಲೆ ಕುಸಿದು ಕೂತಳು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಮಾವ ಓಡಿಹೋಗಿ ಪಕ್ಕದಲ್ಲಿ ಕೂತು, ಇಸ್ತ್ರಿ ಮಾಡಿಸಿದ ಹೊಸ ಅಂಗಿಯ ತುದಿಯಿಂದಲೇ ಅವಳ ಕಾಲಿನ ಕೆಸರು ಒರೆಸತೊಡಗಿದ. ನನಗೆ ಅಳು ತಡೆಯಲಾಗಲಿಲ್ಲ.

"ಕೆಲಸ ಹೋತು" ಎಂದ ಮಾವ, ತೀರಾ ಮೆಲ್ಲಗೆ.

"ಹೋದ್ರ ಹೋಗ್ಲಿ. ಹಂಗ ಸಣ್ಣ ದನ್ಯಾಗ ಮಾತಾಡಬ್ಯಾಡ್ರಿ, ನನಗ ಅಂಜಿಕಿ ಬರ್ತದ" ಎಂದಳು ಅತ್ತೆ. "ಜೋರ್ಲೆ ಹೇಳ್ರಿ."