ಕಾಲುವಿ ಸಾಹೇಬ್ರ ಪಗಾರ ಜಪ್ತಿ

ಈಗ, ಇದ ಈಗ ಅರ್ಧ ತಾಸಿನ್ಯಾಗ ನನಗ ಆಗಿದ್ದು ಹೇಳಿದ್ರ ನೀವು ನಂಬಂಗಿಲ್ಲ. ನಾನೇ ಇನ್ನಾ ನಂಬಿಲ್ಲ. ತಡೀರಿ, ಮೊದ್ಲಿಂದ ಹೇಳ್ತೀನಿ, ಇಲ್ಲಂದ್ರ ತಿಳಿಯಂಗಿಲ್ಲ. ನಾನು ಕೋರ್ಟಿನ್ಯಾಗ ಅಮೀನ. ಜಡ್ಜ್ ಸಾಹೇಬ್ರ ಹುಕುಂ ಒಯ್ದು ಮುಟ್ಟಸಾಂವ, ಕೊಡೋದು ಕೊಡ್ಲಿಲ್ಲಂದ್ರ ಜಪ್ತಿ ಮಾಡಾಂವ. ನೌಕ್ರಿ ಸೇರಿ ಎಂಟು ತಿಂಗಳಾತು, ನಾ ಹೋದಲ್ಲೆಲ್ಲಾ ಏನರೆ ಒಂದು ಆಗೇ ಆಗ್ತದ. ಆದ್ರ ಈ ಕಾಲುವಿ ಆಫೀಸಿಂದು ಅಂದ್ರ, ಅದರ ಮುಂದ ಉಳದವೆಲ್ಲಾ ಏನೂ ಅಲ್ಲ ಬಿಡ್ರಿ.

ಕೆಂಭಾವಿ ಕಡಿ ಹಳ್ಳಿ ಮುದುಕಿ ಒಬ್ಬಾಕಿ, ನಾವೆಲ್ಲಾ ಆಯಿ ಅಂತೀವಿ. ಆಕಿ ಹೊಲದ ನಟ್ಟನಡು ಕಾಲುವಿ ಹೋಗ್ಯಾದ. ಪರಿಹಾರ ಕೊಡ್ರಿ ಅಂತ ಕೋರ್ಟು ಹೇಳಿ ಬಾಳ ದಿನ ಆತು. ಕಾಲುವ್ಯಾಗ ನೀರು ಬಂತು, ಆಯಿ ಕೈಯಾಗ ರೊಕ್ಕ ಬರ್ಲಿಲ್ಲ. ಸಾಯೋದ್ರಾಗ ಒಮ್ಮೆರೆ ಆ ರೊಕ್ಕ ಮುಟ್ಟಿ ನೋಡ್ಬೇಕು ಅಂತ ಆಕಿ ತಾರೀಖಿಗೊಮ್ಮೆ ಬಸ್ಸು ಹತ್ತಿ ಬರಾಕಿ. ಕಡೀಕ ಜಡ್ಜ್ ಸಾಹೇಬ್ರಿಗೆ ಸಿಟ್ಟು ಬಂದು, ಕಾಲುವಿ ಆಫೀಸಿನ ಸಾಹೇಬ್ರ ಪಗಾರದಾಗೇ ತಿಂಗಳಾ ತಿಂಗಳಾ ಇಷ್ಟಿಷ್ಟು ಹಿಡೀರಿ ಅಂತ ಬರ್ದ್ರು. ಹುಕುಂ ನನ್ನ ಕೈಗೆ ಬಂತು.

ಕುರ್ಚಿ ಇಲ್ಲದ ಆಫೀಸು

ಮೊದ್ಲನೇ ಸಲ ಹೋದೆ. ಅಮೀನ ಜಪ್ತಿಗೆ ಬರಾಕತ್ಯಾನ ಅಂತ ಯಾರೋ ಮುಂಚೇನೇ ಸುದ್ದಿ ಮುಟ್ಟಿಸಿದ್ರು. ಜಪ್ತಿ ಅಂದ್ರ ಕುರ್ಚಿ ಒಯ್ಯೋದು ಅಂತಷ್ಟೇ ಅಲ್ಲಿ ಮಂದಿಗೆ ಗೊತ್ತು. ಒಳಗ ಹೋಗಿ ನೋಡ್ತೀನಿ, ಒಂದು ಕುರ್ಚಿ ಇಲ್ರಿ. ಹೆಡ್ ಕ್ಲಾರ್ಕ್ ನಿಂತು ಬರ್ಯಾಕತ್ತಾರ. ಟೈಪ್ ಮಾಡೋ ಅಕ್ಕಾರು ನೆಲದ ಮ್ಯಾಗ ಮಿಷನ್ ಇಟ್ಕೊಂಡು ಕುಂತಾರ. ಕುರ್ಚಿ ಎಲ್ಲಾ ಹಿತ್ತಲದಾಗ ಬೇವಿನ ಗಿಡದ ಬುಡಕ. ಅಂಥಾ ಬಿಸಲಾಗ ಫ್ಯಾನ್ ಸುದ್ದಾ ಬಿಚ್ಚಿಟ್ಟಾರ.

"ಕುರ್ಚಿ ಅಲ್ರಿ, ನಾ ಬಂದಿದ್ದು ಪಗಾರಕ್ಕ" ಅಂದೆ.

ಹೆಡ್ ಕ್ಲಾರ್ಕ್ ಮಾರಿ ಬೆಳ್ಳಗಾತು. "ಎಲ್ಲಾರ್ದೂ ಏನ್ರಿ?"

"ಇಲ್ರಿ, ಸಾಹೇಬ್ರದೊಂದೇ."

ಹತ್ತು ಮಿಂಟಿನ್ಯಾಗ ಕುರ್ಚಿ ಎಲ್ಲಾ ಒಳಗ ಬಂದ್ವು, ಫ್ಯಾನ್ ತಿರಗಾಕತ್ತು. ನನಗ ಚಾ ಬಂತು, ಚಾದ ಜೋಡಿ ಬಿಸಿ ಬಿಸಿ ಭಜಿ ಬಂತು. ಭಜಿಗೆ ಯಾರು ರೊಕ್ಕ ಕೊಟ್ಟ್ರಿ ಅಂತ ಕೇಳ್ದೆ. ಆಫೀಸೆಲ್ಲಾ ಕೂಡಿ ಪಟ್ಟಿ ಹಾಕಿ ರೊಕ್ಕ ಕೂಡಿಸಿದ್ರಂತ.

ಸಾಹೇಬ್ರಿಗೆ ಸಾಹೇಬ್ರ ಪತ್ರ

ಹುಕುಂ ಒಯ್ದು ಸಾಹೇಬ್ರ ಟೇಬಲ್ ಮ್ಯಾಗ ಇಟ್ಟೆ. ಓದಿದ್ರು. "ಇದು ಪಗಾರ ಬಟವಡಿ ಮಾಡೋ ಅಧಿಕಾರಿ ಹೆಸರಿಗೆ ಅದ. ಅವರಿಗೆ ಕೊಡು" ಅಂದ್ರು. ಅವರ್ಯಾರ್ರಿ ಅಂದೆ. ಹುಕುಂ ಮಡಚಿ ಇಟ್ಟು, "ನಾನೇ" ಅಂದ್ರು.

ಹಂಗಾದ್ರ ನಿಮ್ಮ ಪಗಾರ ನೀವೇ ಹಿಡೀರಿ ಅಂದೆ. ಹಂಗೆಲ್ಲಾ ಬಾಯಿಲೆ ಆಗಂಗಿಲ್ಲ, ಕಾಗದದ ಮ್ಯಾಗ ಆಗ್ಬೇಕು ಅಂತ ಕ್ಲಾರ್ಕನ್ನ ಕರ್ದು, ತಮ್ಮ ಪಗಾರ ಯಾಕ ಹಿಡೀಬಾರದು, ಏಳು ದಿನದಾಗ ಉತ್ತರ ಕೊಡ್ರಿ ಅಂತ ತಮಗೇ ಒಂದು ಪತ್ರ ಬರ್ಸಿದ್ರು. ಪತ್ರಕ್ಕ ನಂಬರ್ ಬಿತ್ತು. ಈ ಬಾಗಲದಿಂದ ಹೊರಗ ಹೋತು, ಆ ಬಾಗಲದಿಂದ ಒಳಗ ಬಂತು, ತಿರಗಿ ಅದೇ ಟೇಬಲ್ಲಿಗೆ. ಏಳು ದಿನ ಬಿಟ್ಟು ನಾ ಮತ್ತ ಹೋದೆ. ಉತ್ತರ ಬಂತೇನ್ರಿ ಅಂದೆ.

ಸಾಹೇಬ್ರು ತಲಿ ಅಲ್ಲಾಡಿಸಿದ್ರು. "ಇಲ್ಲೋ ಮಾರಾಯಾ. ಇನ್ನೊಂದು ನೆನಪೋಲೆ ಕಳಸೀನಿ, ನೋಡೂಣು."

ಕಾಲುವಿ ಸರಸ್ರಿ

ಇದು ಕೇಳಿ ಜಡ್ಜ್ ಸಾಹೇಬ್ರು ಹೊಸಾ ಹುಕುಂ ಕೊಟ್ರು. ಸಾಹೇಬ್ರಿಗೆ ತೋರ್ಸಿ, ಸಹಿ ತಗೊಂಡು, ಸೀದಾ ಖಜಾನಿ ಆಫೀಸಿಗೆ ಕೊಡು, ಅವರೇ ಪಗಾರ ಹಿಡೀತಾರ ಅಂತ. ಈ ಸಲ ಆಯಿನೂ ನನ್ನ ಜೋಡಿ ಬಂದ್ಳು. ಸಾಹೇಬ್ರು ಆಕಿನ್ನ ನೋಡಿ ಮಾರಿ ಸಣ್ಣದು ಮಾಡ್ಕೊಂಡು, ಮನ್ಯಾಗ ಸಣ್ಣ ಸಣ್ಣ ಮಕ್ಕಳವ, ಪಗಾರ ಹೋದ್ರ ಏನ್ ತಿನ್ಬೇಕು ಅಂತ ಸುರು ಹಚ್ಚಿದ್ರು. ಆಯಿ ಕಣ್ಣಾಗ ನೀರು ಬಂತು. ನನ್ನ ಕೈ ಹಿಡದು, "ಬಿಡು ತಮ್ಮಾ, ಪಾಪ, ಇವರ ಪಗಾರ ನನಗ ಬ್ಯಾಡ" ಅಂದ್ಳು. ಸಾಹೇಬ್ರು ಎದ್ದು ನಿಂತು ಆಕಿಗೆ ಕೈ ಮುಗಿದ್ರು. ನೀನು ದೇವರಂಥಾಕಿ ಆಯಿ, ಏನ್ ಬೇಕು ಕೇಳು ಅಂದ್ರು.

"ಏನಿಲ್ರೀ ಯಪ್ಪಾ, ಕಾಲುವಿ ಒಂಚೂರು ಆ ಕಡಿ ಸರಸ್ರಿ. ನನ್ನ ಹೊಲ ನನಗ ಸಾಕು."

ಸಾಹೇಬ್ರು ಕುಂತುಬಿಟ್ರು. ಕಾಲುವಿ ಸರಿಯಂಗಿಲ್ಲ, ಹುಕುಂ ನಿಲ್ಲಂಗಿಲ್ಲ. ಸಹಿ ಅಂತೂ ಮಾಡಾಕ ಒಲ್ಲೆ ಅಂದ್ರು. ಹಂಗಾದ್ರ ಅಮೀನ ಏನ್ ಮಾಡ್ಬೇಕು? "ಸಹಿಗೆ ನಿರಾಕರಿಸಿದರು" ಅಂತ ಬರ್ದು ತಾನೇ ಸಹಿ ಹಾಕ್ಬೇಕು. ನಾನು ಹಾಕ್ದೆ ನೋಡ್ರಿ, ನನ್ನ ಹೆಸರು, ಅಪ್ಪನ ಹೆಸರು, ಹುದ್ದೆ, ಎಲ್ಲಾ ದಪ್ಪ ಅಕ್ಷರದಾಗ. ಕೆಳಗ ಎರಡು ಗೆರಿ ಬ್ಯಾರೆ ಎಳದೆ. ಖಜಾನಿಗೆ ಕೊಟ್ಟು ಎದಿ ಉಬ್ಬಿಸ್ಕೊಂಡು ಬಂದೆ.

ಯಾರ ಪಗಾರ, ಯಾರ ಹೆಸರು

ಹೋದ ತಿಂಗಳು ನನ್ನ ಪಗಾರ ಕಮ್ಮಿ ಬಂತು. ಲೆಕ್ಕ ತಪ್ಪಿರ್ಬೇಕು ಅಂತ ಸುಮ್ನಿದ್ದೆ. ಇವತ್ತು ನಮ್ಮ ಕೋರ್ಟಿನ ನಾಜರ್ ಸಾಹೇಬ್ರು, ನಮ್ಮ ಪಗಾರ ಕೊಡಾವ್ರು, ಕರ್ದು ಖಜಾನಿ ಕಾಗದ ತೋರ್ಸಿದ್ರು. ಸಹಿ ಮಾಡ್ದಾಂವನೇ ಸಾಲಗಾರ ಅಂತ ತಿಳದು, ಖಜಾನಿಯವ್ರು ನನ್ನ ಪಗಾರ ಜಪ್ತಿ ಮಾಡ್ಯಾರ್ರಿ. ಕೋರ್ಟಿಗೆ ಜಮಾ ಆಗಿ, ಆಯಿ ಕೈಗೂ ಮುಟ್ಟ್ಯಾದ.

ನಾ ಇನ್ನಾ ಆ ಕಾಗದ ಓದಾಕತ್ತೀನಿ, ಹೊರಗ ಆಯಿ ದನಿ ಕೇಳಸ್ತು. ಹೋಗಿ ನೋಡ್ತೀನಿ, ಆಕಿ ಒಂದು ಹಾಲಿನ ಆಡು ಹಿಡ್ಕೊಂಡು ಬಂದಾಳ. ಸಂತ್ಯಾಗ ತಗೊಂಡಾಳ, ಕೊಳ್ಳಾಗ ಗಂಟಿ ಕಟ್ಯಾಳ. ಮಾರಿ ತುಂಬ ನಗು, ಇಷ್ಟು ದಿನದಾಗ ಆಕಿ ನಕ್ಕಿದ್ದೇ ನಾ ನೋಡಿಲ್ಲ.

"ಕಾಲುವಿ ಸಾಹೇಬ್ರ ಪಗಾರದಾಗ ಬಂದದ ತಮ್ಮಾ. ಎಂಥಾ ಛಲೋ ಮನಷ್ಯಾ. ಅದಕ್ಕ ಇದರ ಹೆಸರು ಸಾಹೇಬ ಅಂತಿಟ್ಟೀನಿ. ಹಾಲು ಸುದ್ದಾ ಕೊಡ್ತಾನ."

ನಾಜರ್ ಸಾಹೇಬ್ರು ಕಿಡಕಿಯಾಗ ನಿಂತು ನಗಾಕತ್ತಾರ. ನಾ ಒಳಗ ಓಡಿ ಹೋಗಿ, ನನ್ನ ರೊಕ್ಕ ವಾಪಸ್ ಹ್ಯಾಂಗ್ರಿ ಅಂತ ಕೇಳ್ದೆ. ಒಂದು ಬಿಳಿ ಕಾಗದ ಕೈಯಾಗ ಕೊಟ್ರು.

"ಅರ್ಜಿ ಬರಿ. ಮುದುಕಿ ಹತ್ರ ರೊಕ್ಕ ಖರ್ಚಾಗ್ಯಾದ, ಆಡು ಜಪ್ತಿ ಮಾಡ್ಬೇಕಾಗ್ತದ. ಜಪ್ತಿಗೆ ಹೋಗೋ ಅಮೀನ ಮತ್ತ ನೀನೇ."

ಕಾಗದ ಹಿಡ್ಕೊಂಡು ಹೊರಗ ಬಂದೆ. ಆಯಿ ಬಾಳೆಹಣ್ಣಿನ ಚೀಲ ಬಗಲಾಗ ಇಟ್ಕೊಂಡು, ಕಾಲುವಿ ಸಾಹೇಬ್ರಿಗೆ ಕೈ ಮುಗದು ಬರ್ತೀನಿ, ಅಷ್ಟೊತ್ತು ಇದನ್ನ ನೋಡ್ಕೊ ಅಂತ ಹಗ್ಗ ನನ್ನ ಕೈಯಾಗ ಕೊಟ್ಟು ಹೋಗೇಬಿಟ್ಳು. ಈ ಕೈಯಾಗ ಅರ್ಜಿ ಕಾಗದ, ಈ ಕೈಯಾಗ ಸಾಹೇಬ. ನೀವೇ ಹೇಳ್ರಿ, ನನ್ನ ಜಾಗಾದಾಗ ನೀವಿದ್ರ ಏನ್ ಮಾಡ್ತಿದ್ರಿ?