ಮೈಕಿಲ್ಲದ ಆರ್ಕೆಸ್ಟ್ರಾ

“ಅದೆಲ್ಲಾ ಸರಿ ಕಣಪ್ಪಾ, ಇದಕ್ಕೆ ಮೈಕು ಎಲ್ಲಿ ಸಿಗಿಸೋದು?” ಅಂದರು ಗಂಗರತ್ನಮ್ಮ, ಮರದ ಸ್ಪೀಕರಿಗೆ ಒಂದು ಪ್ರದಕ್ಷಿಣೆ ಬಂದು, ಅದರ ಬೆನ್ನು ಸವರುತ್ತಾ.

ಹೆಬ್ಬಾಳದ ಆ ಮ್ಯೂಸಿಕ್ ಸೆಟ್ಟಿನ ಅಂಗಡಿಯ ಮಣಿಕಂಠ ನಯನಾಳ ಮುಖ ನೋಡಿದ. ನಯನಾ ನೆಲ ನೋಡಿದಳು.

“ಅಜ್ಜೀ, ಮೈಕ್ ಯಾಕೆ? ಇದು ಬರೀ ಕೇಳೋಕೆ!”

“ನೀನೇ ಅಲ್ವೇನೇ ಆರ್ಕೆಸ್ಟ್ರಾ ಕೇಳ್ಬೇಕು ಅಂತ ಮನೇಲಿ ಜೀವ ತಿಂದಿದ್ದು? ಮೈಕಿಲ್ದೆ ಎಂಥಾ ಆರ್ಕೆಸ್ಟ್ರಾ?”

ತಪ್ಪು ಅಜ್ಜಿಯದಲ್ಲ. ಅವರಿರುವ ಅಟ್ಟೂರಿನಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನನ್ನು ಕೂರಿಸಿದ ಮೇಲೆ ಬೀದಿಗೆ ಅಡ್ಡಲಾಗಿ ಏಳುವ ಸ್ಟೇಜು, ಮಿಂಚುವ ಕೋಟು ತೊಟ್ಟು ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ತಾನೊಬ್ಬನೇ ಸಿನಿಮಾ ಹಾಡು ಹಾಡುವ ಗಾಯಕ, ನಡುನಡುವೆ “ಹಲೋ, ಚೆಕ್ ಚೆಕ್”. ನಯನಾಳ ಆರ್ಕೆಸ್ಟ್ರಾವೇ ಬೇರೆ. (ಕಾಲೇಜು ಬಸ್ಸಿನಲ್ಲಿ ಗೆಳತಿಯ ಇಯರ್‌ಫೋನನ್ನು ಹಂಚಿಕೊಂಡು ಒಂದು ಕಿವಿಯಲ್ಲಿ ಅರ್ಧ ಸಿಂಫನಿ ಕೇಳಿದ್ದಳು, ಅಂದಿನಿಂದ ಉಳಿದರ್ಧಕ್ಕೆ ಘೋರ ತಪಸ್ಸು.) ಮನೆಯ ಹಳೇ ಮ್ಯೂಸಿಕ್ ಸೆಟ್ಟು ಕೈಲಾಸವಾಸಿಯಾದದ್ದೇ ವರವಾಯಿತು. ಆದರೆ ಆ ಮನೆಗೆ ಅಜ್ಜಿ ಹೂಂ ಅನ್ನದೆ ಒಂದು ಚಮಚವೂ ಬರುವಂತಿಲ್ಲ. ಆ ಒಂದು ಹೂಂಗಾಗಿಯೇ ಅಜ್ಜಿಯನ್ನು ಪುಸಲಾಯಿಸಿ ಕರೆತಂದಿದ್ದಳು. ಕಾರು ಓಡಿಸಿಕೊಂಡು ಬಂದ ಅಪ್ಪ ಸತೀಶ್, ಅಂಗಡಿಯ ಸೋಫಾ ಕಂಡದ್ದೇ ನಿದ್ದೆಗೆ ಜಾರಿದ್ದರು.

“ಅಜ್ಜೀ, ಇದು ಕ್ಲಾಸಿಕಲ್! ನೂರು ಜನ ಕೂತ್ಕೊಂಡು ವಯಲಿನ್ನು, ಕೊಳಲು, ಡ್ರಮ್ಮು ಎಲ್ಲಾ ಒಟ್ಟಿಗೆ ನುಡಿಸ್ತಾರೆ. ಯಾರೂ ಹಾಡಲ್ಲ. ಸಖತ್ತಾಗಿರುತ್ತೆ, ಪ್ರಾಮಿಸ್!”

“ನೂರು ಜನದಲ್ಲಿ ಒಬ್ರೂ ಬಾಯ್ ಬಿಡಲ್ವಾ? ಅಷ್ಟೂ ಜನಕ್ಕೆ ಊಟಕ್ಕಿಕ್ಕೋರು ಯಾರು?” ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ನಿನ್ ಕ್ಲಾಸಿಕಲ್ಲೋ ಬೀಸೋಕಲ್ಲೋ, ಹಾಕಪ್ಪಾ, ನೋಡಾನ.”

ಮಣಿಕಂಠ ಹಾಕಿದ. ನಯನಾ ಕಣ್ಣು ಮುಚ್ಚಿದಳು. ಎಡಕ್ಕೆ ವಯಲಿನ್ನು, ಬಲಕ್ಕೆ ಸೆಲ್ಲೋ, ಎಲ್ಲೋ ಹಿಂದಿನ ಸಾಲಿನಲ್ಲಿ ಕೊಳಲಿನವನು ಉಸಿರೆಳೆದುಕೊಂಡದ್ದೂ ಕೇಳಿಸಿತು! (ಅದು ಅಪ್ಪನ ಗೊರಕೆ ಎಂದು ಆಮೇಲೆ ತಿಳಿಯಿತು.) ನಾದ ಇಳಿಯಿತು, ಇನ್ನೂ ಇಳಿಯಿತು, ನೂಲಿನ ಎಳೆಯಷ್ಟಾಯಿತು.

“ಕರೆಂಟ್ ಹೋಯ್ತಾ?”

“ಶ್! ಅಜ್ಜೀ, ಇದೇ ಇದರ ಬ್ಯೂಟಿ. ಎಷ್ಟು ಮೆಲ್ಲಗೆ ನುಡಿಸ್ತಿದಾರೆ ಕೇಳು.”

“ಏನೂ ಕೇಳಲ್ವಲ್ಲೇ. ಊಟಕ್ಕೆದ್ದು ಹೋದ್ರೇನೋ,” ಎಂದು ಅಜ್ಜಿ ಸ್ಪೀಕರಿಗೇ ಕಿವಿ ಹಚ್ಚಿದರು.

ಊಟಕ್ಕೆ ಹೋಗಿದ್ದ ನೂರು ಜನವೂ ಒಮ್ಮೆಲೇ ವಾಪಸ್ಸು ಬಂದರು. ಡ್ರಮ್ಮು, ಕಹಳೆ, ತಾಳ! ಎಲೆಅಡಿಕೆ ಚೀಲ ಒಂದು ದಿಕ್ಕಿಗೆ, ಅಜ್ಜಿ ಇನ್ನೊಂದು ದಿಕ್ಕಿಗೆ. ಅಪ್ಪ ಸೋಫಾದಲ್ಲೇ ಬ್ರೇಕ್ ಒತ್ತಿ, “ಯಾವನೋ ಅವನು ಹಿಂದಿಂದ ಗುದ್ದಿದ್ದು?” ಎಂದು ಎದ್ದು ನಿಂತರು.

ಹೋಯಿತು, ಎಲ್ಲಾ ಮುಗಿಯಿತು ಅಂದುಕೊಂಡಳು ನಯನಾ. ಆದರೆ ಅಜ್ಜಿಯ ಮುಖ ಮೆಲ್ಲಗೆ ಅರಳತೊಡಗಿತು.

“ಅಬ್ಬಬ್ಬಾ! ತಮಟೆ ಹನುಮಯ್ಯ ಮಾರಮ್ಮನ ಮುಂದೆ ಬಡಿದಾಗ್ಲೂ ಇಂಗೆ ಎದೆ ಅದುರಿರ್ಲಿಲ್ಲ. ಹೂಂ, ಇದೇ ಇರ್ಲಿ!”

ಹೂಂ! ನಯನಾ ಅಜ್ಜಿಯನ್ನು ತಬ್ಬಿ ಎತ್ತಿಯೇಬಿಟ್ಟಳು. ಇಳಿಸುವಷ್ಟರಲ್ಲಿ ಅಜ್ಜಿ ಫೋನಿನಲ್ಲಿದ್ದರು, ಎದುರುಮನೆಯ ಅಂಜನಮ್ಮನ ಜೊತೆ.

“ಈ ಸಲ ಗಣೇಶಂಗೆ ಹೊರಗಿಂದ ಆರ್ಕೆಸ್ಟ್ರಾ ಕರ್ಸೋದೇ ಬ್ಯಾಡ ಕಣೇ, ನಮ್ಮನೇದೇ ಬತ್ತೈತೆ. ಕಿಟಕೀಲಿಟ್ರೆ ಬೀದಿಗೆಲ್ಲಾ ಕೇಳ್ತದೆ. ನೂರು ಜನ ನುಡಿಸ್ತಾರೆ, ಊಟಾನೂ ಇಕ್ಕಂಗಿಲ್ಲ! ಹಾಡೋರಾ? ಅಯ್ಯೋ, ಅದಕ್ಕೇ ಅಲ್ವಾ ಹಾಡೋರ ಜಾಗ ಖಾಲಿ ಬಿಟ್ಟವ್ರೆ? ನಮ್ ನಯನಾ ಹಾಡ್ತಾಳೆ.”

“ಅಜ್ಜೀ! ನಂಗೆ ಹಾಡೋಕೇ ಬರಲ್ಲ!”

“ಹಿಂದ್ಗಡೆ ನೂರು ಜನ ಇರ್ತಾರಲ್ಲೇ, ಎತ್ಕೊಂಡು ಹೋಗ್ತಾರೆ ಬಿಡು.” ಅಜ್ಜಿ ಮಣಿಕಂಠನ ಕಡೆ ತಿರುಗಿದರು. “ಮುಂದಿನ ಶನಿವಾರ ಬರ್ತೀವಪ್ಪಾ. ಅಂಜನಮ್ಮ, ಭಜನೆಯೋರು, ಎಲ್ಲಾರೂ. ಇವ್ಳು ಹಾಡಿದ್ದು ಇದ್ರಲ್ಲಿ ಎಂಗ್ ಕೇಳ್ತದೆ ಅಂತ ನೋಡ್ಕೊಂಡೇ ಮನೆಗೆ ತಗೊಂಡೋಗಾದು. ಅಷ್ಟರೊಳಗೆ ಮೈಕಿಗೊಂದು ತೂತು ಕೊರ್ದಿಟ್ಟಿರು.”